ಕೋವಿಡ್ ವಾರ್ಡಿನ ಫೋನು ಮತ್ತು ನಮ್ಮ ಡ್ಯೂಟಿ ಪಟ್ಟಿ

ಕೋವಿಡ್ ವಾರ್ಡಿನಲ್ಲಿ ನಿಮ್ಮವರಿಗೆ ಜಾಸ್ತಿ ಕಷ್ಟವಾದ ಕೆಲಸ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಫೋನ್ ಎಂದೇ ಹೇಳುತ್ತೇನೆ. ಕೇಳಿದವರಿಗೆ ಆಶ್ಚರ್ಯ. ಪಿಪಿಇ ಕಿಟ್ ಒಳಗೆ ಆರು ಗಂಟೆ ನೀರು ಕುಡಿಯದೆ, ಬಾತ್‌ರೂಮಿಗೂ ಹೋಗದೆ ಇರುವುದು ಕಷ್ಟವೇ. ಗಾಗಲ್ಸ್ ಮಬ್ಬಾಗಿ ನರ ಕಾಣದಿದ್ದರೂ ಡ್ರಿಪ್ ಸೂಜಿ ಹಾಕುವುದೂ ಕಷ್ಟವೇ. ಆದರೆ ಅದು ಮೈಯ ಸುಸ್ತು, ಮನೆಗೆ ಹೋಗಿ ಮಲಗಿದರೆ ಅರ್ಧ ಇಳಿಯುತ್ತದೆ. "ನಿಮ್ಮ ತಂದೆಯವರ ಆಕ್ಸಿಜನ್ ಇಳೀತಾ ಇದೆ" ಎಂದು ಹೇಳಿ, ಆ ಕಡೆಯವರು ಅಳುವುದನ್ನು ಕೇಳಿಸಿಕೊಂಡು, ಫೋನ್ ಇಟ್ಟು ತಕ್ಷಣ ಮುಂದಿನ ನಂಬರ್ ಒತ್ತಬೇಕಲ್ಲ, ಅದು ಮಲಗಿದರೂ ಬಿಡುವುದಿಲ್ಲ.

ನಾನು ಮೈಸೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ವಾರ್ಡ್ ಇನ್‌ಚಾರ್ಜ್ ಸಿಸ್ಟರ್. 2020ರಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯವರಿಗೆ ಸೋಂಕು ತಗುಲಿ, ಜಿಲ್ಲೆ ರೆಡ್ ಜೋನ್ ಆದಾಗ ನಮಗೆ ಭಯ ಇತ್ತು, ಜೊತೆಗೆ ಹುರುಪೂ ಇತ್ತು. 2021ರ ಏಪ್ರಿಲ್, ಮೇ ಹೊತ್ತಿಗೆ ಆ ಹುರುಪು ಉಳಿದಿರಲಿಲ್ಲ. ಜನವರಿ 16ರಿಂದ ಆರೋಗ್ಯ ಸಿಬ್ಬಂದಿಗೆ ಲಸಿಕೆ ಶುರುವಾಗಿತ್ತು, ಹಾಗಾಗಿ ನಮ್ಮ ಜೀವದ ಭಯ ಕಡಿಮೆಯಾಗಿತ್ತು. ಬೆಡ್ ಕೇಳಿ ಬಂದವರಿಗೆ ಇಲ್ಲ ಅನ್ನಬೇಕಾದ ಸಂಕಟ ಮಾತ್ರ ದಿನಕ್ಕಿಷ್ಟು ಜಾಸ್ತಿಯಾಯಿತು. ಮೇ ಮೊದಲ ವಾರ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ಗಂಟೆಯೊಳಗೆ 24 ರೋಗಿಗಳು ತೀರಿಕೊಂಡ ಸುದ್ದಿ ಬಂತು. ಮೈಸೂರಿನಿಂದ ಆಕ್ಸಿಜನ್ ಹೋಗುತ್ತಿದ್ದ ಜಿಲ್ಲೆ ಅದು. ಆಮೇಲೆ ನಮ್ಮ ವಾರ್ಡಿನಲ್ಲಿ ಯಾರು ಒಳಗೆ ಬಂದರೂ ಮೊದಲು ರೋಗಿಯ ಮುಖ ನೋಡುತ್ತಿರಲಿಲ್ಲ, ಆಕ್ಸಿಜನ್ ಎಷ್ಟು ಹೋಗುತ್ತಿದೆ ಅಂತ ತೋರಿಸುವ ಗೋಡೆಯ ಫ್ಲೋಮೀಟರಿನ ಗುಂಡು 15 ಲೀಟರ್ ಗೆರೆಯಲ್ಲಿ ನಿಂತಿದೆಯಾ ಅಂತ ನೋಡುತ್ತಿದ್ದರು. ನಾನೂ ಹಾಗೇ ಮಾಡುತ್ತಿದ್ದೆ.

ವಾರ್ಡಿನ ಫೋನು ಒಂದು ಪ್ಲಾಸ್ಟಿಕ್ ಕವರಿನೊಳಗೆ ಇರುತ್ತಿತ್ತು. ಒಳಗೆ ನೆಂಟರಿಗೆ ಪ್ರವೇಶ ಇಲ್ಲವಲ್ಲ, ಅವರಿಗೆ ರೋಗಿಯ ವಿಷಯ ತಿಳಿಯುತ್ತಿದ್ದದ್ದು ಅದರಿಂದಲೇ. "ಸಿಸ್ಟರ್, ಅಪ್ಪನ ಕಿವಿಗೆ ಒಂದ್ಸಲ ಹಿಡೀತೀರಾ" ಅನ್ನುವರು. ಹಿಡಿಯುತ್ತಿದ್ದೆವು. ಮಗ ಈ ಕಡೆಗೆ ಏನು ಹೇಳುತ್ತಾನೆ ಅನ್ನುವುದು ಹಿಡಿದುಕೊಂಡವಳಿಗೂ ಕೇಳಿಸುತ್ತದೆ. ನಮ್ಮ ವಾರ್ಡಿನ ಸಿಬ್ಬಂದಿಯಲ್ಲಿ ಪಾಂಡವಪುರದ ಕಡೆಯ ಒಬ್ಬ ಹುಡುಗಿ ಇದ್ದಳು, ಚೆನ್ನಾಗಿ ಮಾತಾಡುತ್ತಾಳೆ ಅಂತ ಎಲ್ಲರೂ ಫೋನನ್ನು ಅವಳಿಗೇ ಕೊಡುತ್ತಿದ್ದರು. ಸ್ವಲ್ಪ ದಿನದಲ್ಲಿ ಅವಳ ದನಿ ಬದಲಾಯಿತು. ಹೌದು, ಸರಿ, ನೋಡ್ತೀವಿ, ಅಷ್ಟೇ. ಡ್ಯೂಟಿ ಮುಗಿದ ಮೇಲೂ ಕಿಟ್ ಬಿಚ್ಚುವ ಕೋಣೆಯ ಬೆಂಚಿನ ಮೇಲೆ ಸುಮ್ನೆ ಕೂತಿರುತ್ತಿದ್ದಳು, ಮನೆಗೆ ಹೊರಡುತ್ತಿರಲಿಲ್ಲ. ಅಳುವವರು, ಸಿಡುಕುವವರು ಬೇಗ ಕಣ್ಣಿಗೆ ಬೀಳುತ್ತಾರೆ. ಏನೂ ಆಗದವರ ಹಾಗೆ ಇರುವವರ ಬಗ್ಗೆಯೇ ಇನ್‌ಚಾರ್ಜ್ ಆದವಳು ಹೆಚ್ಚು ಗಮನ ಇಡಬೇಕು ಅನ್ನುವುದು ನನ್ನ ಅನುಭವ.

ಆಗ ಮೇಲಿನವರು ಮನಸ್ಸಿನ ಒತ್ತಡದ ಬಗ್ಗೆ ಆನ್‌ಲೈನ್ ಉಪನ್ಯಾಸ ಇಟ್ಟಿದ್ದರು, ಬೆಳಿಗ್ಗೆ ಹತ್ತಕ್ಕೆ. ನೈಟ್ ಡ್ಯೂಟಿ ಮಾಡಿದವರಿಗೆ ಅದು ನಿದ್ದೆ ಮಾಡುವ ಹೊತ್ತು. ಉಪನ್ಯಾಸ ಕೊಟ್ಟವರು ಒಳ್ಳೆಯದನ್ನೇ ಹೇಳಿದ್ದರು, ಬೇಡ ಅನ್ನುವುದಿಲ್ಲ. ಆದರೆ ನನ್ನ ಕೈಯಲ್ಲಿದ್ದದ್ದು ಡ್ಯೂಟಿ ಪಟ್ಟಿ, ಅದನ್ನೇ ಬದಲಾಯಿಸಿದೆ.

ಫೋನಿಗೆ ಬೇರೆಯೇ ಪಾಳಿ ಬರೆದೆ. ಒಬ್ಬರೇ ಮಾಡುವಂತಿಲ್ಲ, ಇಬ್ಬರು ಕೂತು ಮಾಡಬೇಕು, ಒಬ್ಬರು ಮಾತಾಡುವಾಗ ಇನ್ನೊಬ್ಬರು ಕೇಸ್ ಶೀಟ್ ಹಿಡಿದಿರಬೇಕು. ಎಲ್ಲ ಮನೆಯವರಿಗೂ ಸಂಜೆ ಒಂದೇ ಹೊತ್ತಿಗೆ ಫೋನ್ ಬರುತ್ತದೆ ಅಂತ ಮೊದಲೇ ತಿಳಿಸಿದೆವು, ಅದರಿಂದ ಹಗಲೆಲ್ಲ ಬರುತ್ತಿದ್ದ ಗಾಬರಿಯ ಕರೆಗಳು ಕಡಿಮೆಯಾದವು. ಸಾವಿನ ಸುದ್ದಿಯನ್ನು ಡಾಕ್ಟರೇ ಹೇಳಬೇಕು, ನಮ್ಮವರು ಪಕ್ಕದಲ್ಲಿ ಇರುತ್ತಾರೆ. ಆ ಕರೆಯಲ್ಲಿ ಇದ್ದವರು ಅವತ್ತು ಇನ್ನೊಂದು ಫೋನ್ ಮುಟ್ಟುವಂತಿಲ್ಲ. ಈ ಕೊನೆಯ ನಿಯಮಕ್ಕೆ ಸ್ವಲ್ಪ ಜಗಳವಾಯಿತು, ಜನವೇ ಸಾಲದು ಅನ್ನುವಾಗ ಇದೆಲ್ಲ ಯಾಕೆ ಮೇಡಂ ಅಂತ. ನಾನು ಬಿಡಲಿಲ್ಲ. ರೋಗಿಗೆ ಕೊಡುವ ಸ್ಟೆರಾಯ್ಡ್ ಡೋಸನ್ನು ಲೆಕ್ಕ ಹಾಕಿ ಕೊಡುತ್ತೇವೆ, ನಮ್ಮವರ ಮೇಲೆ ಬೀಳುವ ದುಃಖಕ್ಕೂ ಲೆಕ್ಕ ಇರಬೇಕು ಅಲ್ವಾ?

ಶವವನ್ನು ಹೈಪೋಕ್ಲೋರೈಟ್ ಅನ್ನುವ ಸೋಂಕು ನಿವಾರಕ ಹಾಕಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟುತ್ತಿದ್ದ ಡಿ ಗ್ರೂಪ್ ನೌಕರರಿಗೂ ಅದೇ ನಿಯಮ. ಒಂದಾದ ಮೇಲೆ ಹೊರಗೆ ಬಂದು, ಕಿಟ್ ಬಿಚ್ಚಿ, ಕಾಫಿ ಕುಡಿದು, ಮನೆಗೆ ಫೋನ್ ಮಾಡಿ, ಆಮೇಲೆ ಬೇರೆ ಕೆಲಸ.

ಪಾಳಿ ಮುಗಿದ ಮೇಲೆ ಹೊರಗಿನ ಹೊಂಗೆ ಮರದ ಕೆಳಗೆ ಸ್ವಲ್ಪ ಹೊತ್ತು ಸೇರುತ್ತಿದ್ದೆವು. ಹೇಗನ್ನಿಸಿತು ಅಂತ ನಾನು ಕೇಳುತ್ತಿರಲಿಲ್ಲ. ಇವತ್ತು ಯಾವುದು ಕಷ್ಟವಾಯಿತು, ಮುಂದಿನ ಪಾಳಿಯವರಿಗೆ ಏನು ಹೇಳಬೇಕು, ಇಷ್ಟೇ. ಹೇಳುವವರು ಹೇಳಲಿ, ಸುಮ್ಮನಿರುವವರು ಸುಮ್ಮನಿರಲಿ. ಆಘಾತ ಕಂಡವರನ್ನು ಕೂಡಲೇ ಕೂರಿಸಿ ನಡೆದದ್ದನ್ನೆಲ್ಲ ಬಾಯಿ ಬಿಡಿಸುವುದು ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ, ಅದರಿಂದ ಕೆಲವರಿಗೆ ಇನ್ನೂ ತೊಂದರೆಯಾಗಬಹುದು.

ಇಷ್ಟರಿಂದ ಎಲ್ಲರಿಗೂ ಸರಿಹೋಯಿತು ಅಂತ ಹೇಳಲಾರೆ. ಪಾಂಡವಪುರದ ಹುಡುಗಿಗೆ ನಿದ್ದೆ, ಊಟ ಎರಡೂ ಬಿಟ್ಟುಹೋಗಿದ್ದವು. ನಿಮ್ಹಾನ್ಸ್ ಸಹಾಯವಾಣಿಗೆ ಮಾತಾಡಿಸಿದೆ, ಅವರು ಮನೋವೈದ್ಯರನ್ನು ನೋಡಿ ಅಂದರು. "ನಮ್ಮವರೆಲ್ಲ ನೋಡ್ತಾರೆ ಅಕ್ಕಾ" ಅಂತ ಹಿಂಜರಿದಳು, ಅದಕ್ಕೆ ಬೇರೆ ಆಸ್ಪತ್ರೆಗೆ ನಾನೇ ಜೊತೆಯಲ್ಲಿ ಹೋದೆ. ಮಾತ್ರೆ ತೆಗೆದುಕೊಂಡಳು, ರಜೆ ಮುಗಿಸಿ ಬಂದಳು, ಈಗ ಬೇರೆ ವಾರ್ಡಿನಲ್ಲಿ ಇದ್ದಾಳೆ. ಈಗಾದರೆ 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ ಯಾವಾಗ ಬೇಕಾದರೂ.

ಅವಳದು ಕಾಯಂ ನೌಕರಿ, ರಜೆ ಸಿಕ್ಕಿತು. ಅದೇ ವಾರ್ಡಿನಲ್ಲಿ ಶವ ಕಟ್ಟುತ್ತಿದ್ದ ಗುತ್ತಿಗೆ ನೌಕರನಿಗೂ ನಿದ್ದೆ ಬರುತ್ತಿರಲಿಲ್ಲ. ಡಾಕ್ಟರ ಹತ್ತಿರ ಹೋಗೋಣ ಅಂದರೆ, "ಒಂದು ದಿನ ಬರದಿದ್ದರೆ ಸಂಬಳ ಕಟ್ ಆಗುತ್ತೆ ಮೇಡಂ" ಅಂದ. ಅದಕ್ಕೆ ನನ್ನ ಡ್ಯೂಟಿ ಪಟ್ಟಿಯಲ್ಲಿ ಉತ್ತರ ಇರಲಿಲ್ಲ. ಗುತ್ತಿಗೆಯವರಿಗೆ ಸಂಬಳ ಸಹಿತ ರಜೆ ಕೊಡಿ ಅಂತ ಆಗ ಬರೆದುಕೊಟ್ಟೆ, ಈಗಲೂ ಪ್ರತಿ ಮೀಟಿಂಗಿನಲ್ಲಿ ಕೇಳುತ್ತಿದ್ದೇನೆ.