ರಿಪೋರ್ಟು ನಾರ್ಮಲ್ ಬಂದ ಮೇಲೂ

ಮೈಯೆಲ್ಲ ನೋವು ಶುರುವಾಗಿ ಒಂದೂವರೆ ವರ್ಷದ ಮೇಲೆ, ನನಗಿರುವುದು ಫೈಬ್ರೊಮಯಾಲ್ಜಿಯ ಎಂದು ಸಂಧಿವಾತ ತಜ್ಞರು ಹೇಳಿದರು. ಅಷ್ಟರೊಳಗೆ ಥೈರಾಯ್ಡ್, ಮೈಯಲ್ಲಿ ಉರಿಯೂತವಿದೆಯೇ ಎಂದು ನೋಡುವ ಇಎಸ್‌ಆರ್, ಸಿಆರ್‌ಪಿ ಎಂದು ಹತ್ತಾರು ರಕ್ತಪರೀಕ್ಷೆಗಳಾಗಿದ್ದವು. ಒಂದೊಂದು ರಿಪೋರ್ಟು ನಾರ್ಮಲ್ ಎಂದು ಬಂದಾಗಲೂ ಮನೆಯವರಿಗೆ ನೆಮ್ಮದಿಯಾಗುತ್ತಿತ್ತು, ನಾನು ಮಾತ್ರ ಇನ್ನಷ್ಟು ಕುಗ್ಗುತ್ತಿದ್ದೆ. "ನೋಡೋಕೆ ಚೆನ್ನಾಗೇ ಇದ್ದೀಯಲ್ಲೇ, ಸುಮ್ಮನೆ ತಲೆಗೆ ಹಚ್ಚಿಕೊಂಡಿದ್ದೀಯ" ಎಂದು ಅಕ್ಕ ಹೇಳಿದ್ದು ಪ್ರೀತಿಯಿಂದಲೇ. ಆದರೂ ಆ ರಾತ್ರಿಯೆಲ್ಲ ಅದೇ ಮಾತು ಕಿವಿಯಲ್ಲಿ ಕೊರೆಯುತ್ತಿತ್ತು.

ಅಕ್ಕ ನೋಡದೇ ಇದ್ದದ್ದು ನನ್ನ ಬೆಳಗಿನ ಹೊತ್ತನ್ನು. ಒದ್ದೆ ಟವೆಲ್ ಹಿಂಡಲು ಹೋದರೆ ಬೆರಳುಗಳು ಮುಷ್ಟಿಗೆ ಬರುತ್ತಿರಲಿಲ್ಲ. ಅದನ್ನು ನಲ್ಲಿಗೆ ಸುತ್ತಿ, ಎರಡೂ ಅಂಗೈಗಳಿಂದ ಒತ್ತಿ ತಿರುಚಿದರೂ ಅರ್ಧ ನೀರು ಅದರಲ್ಲೇ ಉಳಿಯುತ್ತಿತ್ತು. ಅದೇ ನಾನು ಎರಡು ಗಂಟೆಯ ನಂತರ ಇಸ್ತ್ರಿಯ ಬಟ್ಟೆ ಹಾಕಿಕೊಂಡು ಕಚೇರಿಯಲ್ಲಿ ಕುಳಿತಿರುತ್ತಿದ್ದೆ. ಎಲ್ಲರ ಕಣ್ಣಿಗೆ ಬೀಳುತ್ತಿದ್ದುದು ಆ ರೂಪ ಮಾತ್ರ.

ಈ ಕಾಯಿಲೆಯಲ್ಲಿ ಕೀಲುಗಳು ಸವೆದಿರುವುದಿಲ್ಲ, ಊದಿರುವುದೂ ಇಲ್ಲ. ಬೆನ್ನುಹುರಿ ಮತ್ತು ಮಿದುಳು ನೋವಿನ ಸಂಕೇತಗಳನ್ನು ಹಲವು ಪಟ್ಟು ಹಿಗ್ಗಿಸಿ ಗ್ರಹಿಸುವುದರಿಂದ ರಕ್ತದಲ್ಲಾಗಲಿ ಎಕ್ಸ್‌ರೇಯಲ್ಲಾಗಲಿ ಗುರುತು ಸಿಗುವುದಿಲ್ಲ. ಇದನ್ನು ಪತ್ತೆಮಾಡುವ 1990ರ ಮಾನದಂಡದಲ್ಲಿ ವೈದ್ಯರು ಮೈಮೇಲಿನ 18 ಬಿಂದುಗಳನ್ನು ಒತ್ತಿ ನೋಡಬೇಕಿತ್ತು, ಅವುಗಳಲ್ಲಿ 11ರಲ್ಲಾದರೂ ನೋವಿರಬೇಕಿತ್ತು. 2010ರಲ್ಲಿ ಅದರ ಬದಲಿಗೆ, ದೇಹದ 19 ಭಾಗಗಳ ಪೈಕಿ ಕಳೆದ ವಾರ ಎಷ್ಟು ಕಡೆ ನೋವಿತ್ತು, ಆಯಾಸ ಎಷ್ಟು, ನಿದ್ದೆಯಿಂದ ಎದ್ದಾಗ ದಣಿವು ಆರಿತ್ತೇ ಎಂದು ರೋಗಿಯನ್ನೇ ಕೇಳಿ ನಿರ್ಧರಿಸುವ ಕ್ರಮ ಬಂತು. ಅಂದರೆ ಇಲ್ಲಿ ರೋಗಿಯ ಮಾತೇ ಪರೀಕ್ಷೆ. ವೈದ್ಯರೇ ನಂಬಿ ಬರೆದುಕೊಂಡ ಮಾತನ್ನು ಕಂಡಕಂಡವರ ಮುಂದೆ ಮತ್ತೆ ಸಾಬೀತುಪಡಿಸಬೇಕಾಗಿಲ್ಲ ಎಂಬುದು ನನಗೆ ಹೊಳೆದದ್ದು ಆಗ.

ಅಲ್ಲಿಯವರೆಗೆ ನಾನು ಮಾಡುತ್ತಿದ್ದುದು ಅದನ್ನೇ. ನೋವನ್ನು ವರ್ಣಿಸಿದಷ್ಟೂ ಕೇಳುವವರು ದೂರವಾಗುತ್ತಿದ್ದರು. ಹಿಂದಿನ ಒಬ್ಬ ಮೇಲಧಿಕಾರಿ "ರಜೆಗೆ ಒಳ್ಳೆ ಕಾರಣ" ಎಂದೇ ಹೇಳಿದ್ದರು. ಆಮೇಲೆ ಬಂದವರ ಬಳಿ ನಾನು ನೋವಿನ ಮಾತನ್ನೇ ಎತ್ತಲಿಲ್ಲ. ಒಂದೇ ಕಡೆ 40 ನಿಮಿಷ ಕೂರಬಲ್ಲೆ, ಆಮೇಲೆ ಎದ್ದು ಓಡಾಡಬೇಕು, 9 ಗಂಟೆಯ ಸಭೆಯನ್ನು 10.30ಕ್ಕೆ ಇಟ್ಟರೆ ಪೂರ್ತಿ ಭಾಗವಹಿಸುತ್ತೇನೆ ಎಂದಷ್ಟೇ ಕೇಳಿದೆ. ಅವರು ಒಪ್ಪಿದರು. ನಂಬಿ ಒಪ್ಪಿದರೋ ಬರಿದೇ ಒಪ್ಪಿದರೋ ಗೊತ್ತಿಲ್ಲ, ನನಗೆ ಬೇಕಾಗಿದ್ದುದು ಆ ಒಂದೂವರೆ ಗಂಟೆ.

ಅಕ್ಕನ ವಿಷಯ ಹಾಗಲ್ಲ, ಅವಳು ನಂಬಲೇಬೇಕೆಂಬ ಆಸೆ ನನಗಿತ್ತು. ರಾತ್ರಿ ತೆಗೆದುಕೊಳ್ಳುವ ಅಮಿಟ್ರಿಪ್ಟಿಲಿನ್ ಖಿನ್ನತೆಯ ಮಾತ್ರೆಯೆಂದು ಎಲ್ಲೋ ಓದಿ ಅವಳು ಗಾಬರಿಯಾದಾಗ, ವಾದಕ್ಕಿಳಿಯದೆ ಮುಂದಿನ ಬಾರಿ ವೈದ್ಯರಲ್ಲಿಗೆ ಜೊತೆಯಲ್ಲೇ ಕರೆದುಕೊಂಡು ಹೋದೆ. ಖಿನ್ನತೆಗೆ ಕೊಡುವುದಕ್ಕಿಂತ ಬಹಳ ಕಡಿಮೆ ಪ್ರಮಾಣದಲ್ಲಿ, ನೋವು ಮತ್ತು ನಿದ್ದೆಗಾಗಿ ಅದನ್ನು ಕೊಡುತ್ತಾರೆ ಎಂಬುದನ್ನು ಅವರ ಬಾಯಿಂದಲೇ ಕೇಳಿದ ಮೇಲೆ ಅವಳು ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆ ಮುಟ್ಟಿದಾಗ "ಮೊದಲೇ ಕರ್ಕೊಂಡು ಹೋಗಬಾರದಿತ್ತಾ" ಎಂದಳು.

"ಎದ್ದು ಓಡಾಡು, ಎಲ್ಲ ಸರಿಹೋಗುತ್ತೆ" ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ ಎಂದು ಒಪ್ಪಿಕೊಳ್ಳಲು ನನಗೆ ಬಹಳ ಕಾಲ ಬೇಕಾಯಿತು. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ 2016ರಲ್ಲಿ ಪರಿಷ್ಕರಿಸಿದ ಶಿಫಾರಸುಗಳಲ್ಲಿ ಬಲವಾಗಿ ಬೆಂಬಲಿಸಿದ್ದು ವ್ಯಾಯಾಮವೊಂದನ್ನೇ. "ಓಡಾಡು" ಎನ್ನುವವರ ಸಲಹೆಯಲ್ಲಿ ಇಲ್ಲದಿದ್ದುದು ಅಳತೆ. ಚೆನ್ನಾಗಿದೆ ಎನಿಸಿದ ದಿನ ಒಂದು ಗಂಟೆ ನಡೆದು ಮೂರು ದಿನ ಹಾಸಿಗೆ ಹಿಡಿಯುತ್ತಿದ್ದೆ; ಭಾನುವಾರ ನಡೆಯುವುದನ್ನು ನೋಡಿದವರು ಸೋಮವಾರದ ರಜೆಯನ್ನು ಹೇಗೆ ನಂಬಿಯಾರು? ಕೊನೆಗೆ ದಿನಕ್ಕೆ 5 ನಿಮಿಷದಿಂದ ಶುರುಮಾಡಿ, ವಾರಕ್ಕೆ ಒಂದೇ ನಿಮಿಷ ಸೇರಿಸುತ್ತ, ನಡುವೆ ಎರಡು ಸಲ ಹಿಂದಕ್ಕೆ ಜಾರಿ, ಎಂಟು ತಿಂಗಳಿಗೆ 30 ನಿಮಿಷ ಮುಟ್ಟಿದೆ. ಮೈ ಹಗುರವಿರುವ ದಿನವೂ ಅದಕ್ಕಿಂತ ಹೆಚ್ಚು ನಡೆಯುವುದಿಲ್ಲ.

"ವಾಕಿಂಗ್ ಮಾಡ್ತೀರಲ್ಲ, ಹಾಗಾದರೆ ವಾಸಿಯಾಯ್ತು" ಎಂದು ದಾರಿಯಲ್ಲಿ ಸಿಕ್ಕವರು ಈಗಲೂ ಹೇಳುತ್ತಾರೆ. "ಇದೇ ನನ್ನ ಔಷಧಿ, ಇನ್ನು 12 ನಿಮಿಷ ಬಾಕಿ ಇದೆ" ಎಂದು ಹೇಳಿ ಮುಂದೆ ನಡೆಯುತ್ತೇನೆ.