ಹುಡುಕಲು ಹೊರಟರೆ ಮರೆಯಾಗುವ ದೋಷಕ್ಕೆ ಒಂದು ಉಪಾಯ

ಸಿ ಪ್ರೋಗ್ರಾಮಿನಲ್ಲಿ ಪರದೆಗೆ ಬರಹ ಮೂಡಿಸುವ ಒಂದು ಪ್ರಿಂಟ್‌ಎಫ್ ಸಾಲು ಸೇರಿಸಿದ ಕೂಡಲೇ ಕ್ರ್ಯಾಶ್ ನಿಂತುಹೋದರೆ, ದೋಷ ಸರಿಹೋಯಿತೆಂದು ದಯವಿಟ್ಟು ಭಾವಿಸಬೇಡಿ. ಹೆಚ್ಚಿನ ಸಲ ಆ ಸಾಲು ಒಂದು ಥ್ರೆಡ್ಡನ್ನು (ಪ್ರೋಗ್ರಾಮಿನೊಳಗೆ ಜೊತೆಜೊತೆಯಾಗಿ ಓಡುವ ಕೆಲಸದ ಎಳೆಗಳಲ್ಲೊಂದನ್ನು) ತುಸು ತಡೆದು, ಎರಡು ಥ್ರೆಡ್‌ಗಳು ಒಂದೇ ವೇರಿಯಬಲ್ಲಿಗೆ ಏಕಕಾಲದಲ್ಲಿ ಕೈಹಾಕುವುದನ್ನು ತಪ್ಪಿಸಿರುತ್ತದೆ, ಅಷ್ಟೇ. ಕಂಪ್ಯೂಟರ್ ವಿಜ್ಞಾನಿ ಜಿಮ್ ಗ್ರೇ ಅವರು 1985ರಲ್ಲೇ ಹುಡುಕಹೊರಟರೆ ಮರೆಯಾಗುವ ಇಂಥ ದೋಷಗಳನ್ನು ಹೈಸೆನ್‌ಬಗ್ ಎಂದು ಕರೆದಿದ್ದರು. ಮೊದಲು ಜಿಸಿಸಿ ಅಥವಾ ಕ್ಲ್ಯಾಂಗ್ ಕಂಪೈಲರ್‌ನಲ್ಲಿ, ಥ್ರೆಡ್‌ಗಳ ಇಂಥ ಘರ್ಷಣೆಯನ್ನು ಪತ್ತೆಹಚ್ಚುವ ಥ್ರೆಡ್ ಸ್ಯಾನಿಟೈಸರ್ ಹಾಕಿ, ಡಿಬಗ್ ಮಾಹಿತಿಯೊಂದಿಗೆ ಬಿಲ್ಡ್ ಮಾಡಿ ಓಡಿಸಿರಿ. ಪ್ರೋಗ್ರಾಂ ಸಾಮಾನ್ಯವಾಗಿ 5ರಿಂದ 15 ಪಟ್ಟು ನಿಧಾನವಾದರೂ, ಆ ಸಲ ಕ್ರ್ಯಾಶ್ ಆಗದಿದ್ದರೂ, ಲಾಕ್ (ಒಮ್ಮೆಗೆ ಒಂದೇ ಥ್ರೆಡ್ಡನ್ನು ಒಳಬಿಡುವ ಬೀಗ) ಇಲ್ಲದೆ ಒಂದೇ ಮೆಮೊರಿಯನ್ನು ಮುಟ್ಟಿದ ಎರಡೂ ಸಾಲುಗಳನ್ನು ಅದು ಸಂಖ್ಯೆಸಮೇತ ತೋರಿಸಬಲ್ಲದು. ಲಾಗ್, ಅಂದರೆ ನಡೆದದ್ದರ ದಾಖಲೆ, ಬೇಕೇ ಬೇಕೆಂದಾದರೆ ಪರದೆಗೆ ಬರೆಯದೆ, ಪ್ರತಿ ಥ್ರೆಡ್ಡಿಗೂ ಮೆಮೊರಿಯಲ್ಲಿ ಒಂದು ಚಿಕ್ಕ ಅರೇ ಇಟ್ಟು ಅದರಲ್ಲಿ ಬರೆದು, ಕ್ರ್ಯಾಶ್ ಆದ ಬಳಿಕ ಕೋರ್ ಡಂಪಿನಿಂದ (ಆ ಕ್ಷಣದ ಮೆಮೊರಿಯ ನಕಲಿರುವ ಕಡತದಿಂದ) ಓದಿಕೊಳ್ಳಿ. ದೋಷ ಹುಡುಕಲೆಂದೇ ಸಿದ್ಧಪಡಿಸುವ ಡಿಬಗ್ ಬಿಲ್ಡಿನಲ್ಲಿ ಮಾತ್ರ ದೋಷ ಮಾಯವಾಗುವುದಾದರೆ, ಆರಂಭದ ಬೆಲೆ ಕೊಡದೆ ಬಿಟ್ಟ ವೇರಿಯಬಲ್ಲಿನ ಮೇಲೆಯೇ ನನ್ನ ಮೊದಲ ಅನುಮಾನ.