ಮರಗಸಿಗೆ ಹತ್ತುವವರು ಹಗ್ಗ, ಹೆಲ್ಮೆಟ್ ಆದಮೇಲೆ ಏನನ್ನು ಕೊಳ್ಳಬೇಕು?

ಕಾಫಿ ಹೂವರಳಿಸುವ ಹೂಮಳೆ ಮುಗಿದು ಮುಂಗಾರು ಹಿಡಿಯುವುದರೊಳಗೆ ನೆರಳು ಮರಗಳ ರೆಂಬೆ ಸವರಿ ಕಾಫಿ ಗಿಡಗಳಿಗೆ ಬೇಕಾದಷ್ಟು ಬೆಳಕು ಬಿಡುವ ಕೆಲಸವನ್ನು ನಮ್ಮ ಕಾಫಿ ಸೀಮೆಯಲ್ಲಿ ಮರಗಸಿ ಎನ್ನುತ್ತೇವೆ. ಒಂಟಿ ಏಣಿ ಒರಗಿಸಿ ಹತ್ತಿ, ಕವಲಿನಲ್ಲಿ ಕಾಲೂರಿ, ಒಂದು ಕೈಯಲ್ಲಿ ಕೊಂಬೆ ಹಿಡಿದು ಇನ್ನೊಂದು ಕೈಯಲ್ಲಿ ಕತ್ತಿ ಬೀಸುವುದು ಹಿಂದಿನಿಂದ ಬಂದ ಕ್ರಮ. ಹಗ್ಗ ಮತ್ತು ಹಾರ್ನೆಸ್ (ಸೊಂಟ, ತೊಡೆಗಳಿಗೆ ಬಿಗಿದುಕೊಳ್ಳುವ ಪಟ್ಟಿಗಳ ಕವಚ) ಬಳಸಿ ಹತ್ತುವುದನ್ನು ಕಲಿತವರೂ ಈಗ ನಮ್ಮ ನಡುವೆ ಇದ್ದಾರೆ. ಈ ಬರಹ ಅಂಥವರಿಗಾಗಿ.

ಹೆಲ್ಮೆಟ್, ಕೂರುವ ಹಾರ್ನೆಸ್, ಹತ್ತಲೆಂದೇ ತಯಾರಾದ 11ರಿಂದ 13 ಮಿಲಿಮೀಟರ್ ದಪ್ಪದ ಹಗ್ಗ, ಸೊಂಟದಿಂದ ಮರಕ್ಕೆ ಸುತ್ತಿ ಕಟ್ಟುವ ಲ್ಯಾನ್ಯಾರ್ಡ್, ತಾನಾಗಿ ಬೀಗ ಹಾಕಿಕೊಳ್ಳುವ ಲೋಹದ ಕೊಂಡಿಗಳಾದ ಕ್ಯಾರಬಿನರ್‌ಗಳು ಮತ್ತು ಅನುಭವಿಗಳ ಕೈಕೆಳಗೆ ಪಡೆದ ತರಬೇತಿ, ಇವು ಇದ್ದರೆ ಒಳ್ಳೆಯದು ಎನ್ನುವ ಪಟ್ಟಿಗೆ ಸೇರುವುದಿಲ್ಲ. ಇವಿಲ್ಲದೆ ಮರ ಹತ್ತಲೇಬಾರದು. ಇವೆಲ್ಲ ಕೂಡಿದ ಮೇಲೆ ಉಳಿದ ಹಣದಲ್ಲಿ ಏನು ತರಬೇಕೆಂಬುದು ಇಲ್ಲಿಯ ಪ್ರಶ್ನೆ. ಅಂಗಡಿಯಲ್ಲಿ ಕಣ್ಣಿಗೆ ಬೀಳುವ ಸಲಕರಣೆಗಳಲ್ಲಿ ಹೆಚ್ಚಿನವು ಹತ್ತುವವನ ವೇಗವನ್ನು ಹೆಚ್ಚಿಸುವಂಥವು. ನಾನು ಮಾತ್ರ ಆಯ್ಕೆಯನ್ನು ಬೇರೆ ಕಡೆಯಿಂದ ಆರಂಭಿಸುತ್ತೇನೆ: ಮೇಲಿರುವವನಿಗೆ ಕೈಲಾಗದೆ ಹೋದರೆ ಕೆಳಗೆ ನಿಂತವನು ಏನು ಮಾಡಬಲ್ಲ? ಈ ಪ್ರಶ್ನೆಗೆ ಉತ್ತರ ಕೊಡುವ ಸಲಕರಣೆ ಮೊದಲು ಬರಲಿ, ಉಳಿದದ್ದು ಆಮೇಲೆ.

ಕೆಳಗಿನಿಂದಲೇ ಇಳಿಸುವ ವ್ಯವಸ್ಥೆ

ಕೆಲವು ವರ್ಷಗಳ ಹಿಂದೆ ಒಂದು ತೋಟದ ಬಸರಿ ಮರದಲ್ಲಿ ನಮ್ಮ ಜೊತೆಗಾರನೊಬ್ಬ ಕೆಲಸ ಮಾಡುತ್ತಿದ್ದಾಗ ಹೆಜ್ಜೇನು ಎದ್ದಿತು. ಅವನು ಎರಡು ಕೈಗಳಿಂದಲೂ ಮುಖ ಮುಚ್ಚಿಕೊಂಡು ಹಗ್ಗದಲ್ಲಿ ಜೋತುಬಿದ್ದ. ಇಳಿಯುವ ಹಿಡಿತವಿದ್ದದ್ದು ಅವನ ಎದೆಯ ಮುಂದಿನ ಗಂಟಿನಲ್ಲಿ ಮಾತ್ರ. ಅದನ್ನು ಒತ್ತಲು ಅವನ ಕೈ ಬಿಡುವಿರಲಿಲ್ಲ. ಕೆಳಗಿದ್ದ ಮೂವರು ಕೂಗುವುದನ್ನು ಬಿಟ್ಟು ಬೇರೇನೂ ಮಾಡಲಾಗಲಿಲ್ಲ. ಕೊನೆಗೆ ಅವನೇ ಹೇಗೋ ಇಳಿದು ಬಂದ, ಎರಡು ದಿನ ಆಸ್ಪತ್ರೆಯಲ್ಲಿದ್ದು ಚೇತರಿಸಿಕೊಂಡ. ಆ ವಾರವೇ ನಾವು ಎಂಟರ ಆಕಾರದ ಒಂದು ಇಳಿಕೆ ಸಾಧನವನ್ನೂ ಇನ್ನಷ್ಟು ಉದ್ದದ ಹಗ್ಗವನ್ನೂ ತರಿಸಿದೆವು.

ಇದರ ಕ್ರಮ ಸರಳ. ಹಗ್ಗದ ಒಂದು ತುದಿಯನ್ನು ಮೇಲಿನ ಕವಲಿಗೆ ಕಟ್ಟುವ ಬದಲು, ಹಗ್ಗವನ್ನು ಕವಲಿನ ಮೇಲಿಂದ ಹಾಯಿಸಿ ಮರದ ಬುಡಕ್ಕೆ ತಂದು, ಅಲ್ಲಿ ಪಟ್ಟಿಯೊಂದನ್ನು ಸುತ್ತಿ, ಇಳಿಕೆ ಸಾಧನದ ಮೂಲಕ ಬಿಗಿದು ಬೀಗಗಂಟು ಹಾಕಬೇಕು. ಹತ್ತುವವನು ಇನ್ನೊಂದು ಬದಿಯಲ್ಲಿ ಹತ್ತುತ್ತಾನೆ. ಅವನಿಗೆ ಏನಾದರೂ ಆದರೆ ಕೆಳಗಿನವನು ಗಂಟು ಬಿಚ್ಚಿ, ಹಗ್ಗವನ್ನು ನಿಧಾನವಾಗಿ ಬಿಡುತ್ತಾ ಅವನನ್ನು ನೆಲಕ್ಕಿಳಿಸಬಹುದು. ಇದಕ್ಕೆ ಹಗ್ಗ ಕವಲಿನ ಎತ್ತರದ ಮೂರು ಪಟ್ಟು ಇರಬೇಕು: 20 ಮೀಟರ್ ಎತ್ತರದ ಕವಲಿಗೆ ಏರಲು 20, ಇಳಿಯಲು 20, ಬುಡದಲ್ಲಿ ಬಿಡುವುದಕ್ಕೆಂದು 20, ಒಟ್ಟು 60 ಮೀಟರ್. ಹತ್ತುವವನು ಕೆಲಸದ ನಡುವೆ ಲ್ಯಾನ್ಯಾರ್ಡನ್ನೂ ಮರಕ್ಕೆ ಸುತ್ತಿಕೊಂಡಿದ್ದರೆ ಅದು ಬಿಚ್ಚುವವರೆಗೂ ಕೆಳಗಿನಿಂದ ಇಳಿಸಲಾಗದು. ಆದ್ದರಿಂದ ಮೇಲೆ ಹತ್ತಬಲ್ಲ ಎರಡನೆಯವನೊಬ್ಬ ತನ್ನದೇ ಹಾರ್ನೆಸ್ ಧರಿಸಿ ಕೆಳಗೆ ಸಿದ್ಧನಿರಬೇಕು.

ಈ ವಿಧಾನದಲ್ಲಿ ಮರೆಯಬಾರದ ಒಂದು ಲೆಕ್ಕವಿದೆ. ಹಗ್ಗ ಬುಡಕ್ಕೆ ಬಿಗಿದಿದ್ದಾಗ ಕವಲಿನ ಎರಡೂ ಬದಿಗಳಲ್ಲಿ ಎಳೆತ ಬೀಳುವುದರಿಂದ, 70 ಕಿಲೋ ತೂಕದವನು ನೇತಾಡಿದರೆ ಕವಲಿನ ಮೇಲೆ ಸುಮಾರು 140 ಕಿಲೋ ಭಾರ ಬೀಳುತ್ತದೆ. ಹಾಲುವಾಣದ ಕೊಂಬೆ ಮೆದು, ಸುಲಭವಾಗಿ ಮುರಿಯುವಂಥದು. ಅದಕ್ಕೆ ಎಂದೂ ಹಗ್ಗ ಹಾಕಬೇಡಿ. ಸಿಲ್ವರ್ ಓಕ್‌ನಲ್ಲಿ ಪಕ್ಕದ ರೆಂಬೆಯನ್ನು ನಂಬದೆ ಹಗ್ಗ ನಡುಕಾಂಡವನ್ನು ಬಳಸಿಕೊಂಡು ಬರುವಂತೆ ನೋಡಿಕೊಳ್ಳಿ. ಹತ್ತುವ ಮೊದಲು ಇಬ್ಬರು ಒಟ್ಟಿಗೆ ಹಗ್ಗಕ್ಕೆ ಜೋತುಬಿದ್ದು ಪರೀಕ್ಷಿಸುವುದನ್ನು ನಮ್ಮ ತಂಡ ಒಂದು ಮರಕ್ಕೂ ಬಿಡುವುದಿಲ್ಲ.

ಎಸೆಯುವ ದಾರ, ತೂಕದ ಚೀಲ ಮತ್ತು ದುರ್ಬೀನು

ಸುಮಾರು 2 ಮಿಲಿಮೀಟರ್ ದಪ್ಪದ ನುಣುಪಾದ ದಾರಕ್ಕೆ ಸೀಸದ ಗುಂಡು ತುಂಬಿದ ಪುಟ್ಟ ಚೀಲ ಕಟ್ಟಿ, ಅದನ್ನು ಬೇಕಾದ ಕವಲಿನ ಮೇಲಿಂದ ದಾಟಿಸಿ, ಆ ದಾರದಿಂದ ಹತ್ತುವ ಹಗ್ಗವನ್ನು ಎಳೆದುಕೊಳ್ಳುವುದು ಈ ಸಾಮಾನಿನ ಉಪಯೋಗ. ಏಣಿಯಿಂದ ಮೊದಲ ಕವಲಿಗೆ ದಾಟುವ ಗಳಿಗೆಯೇ ಹಳೆಯ ಕ್ರಮದಲ್ಲಿ ಅತ್ಯಂತ ಅಪಾಯದ್ದಾಗಿತ್ತು. ಈ ದಾರ ಆ ಗಳಿಗೆಯನ್ನೇ ಇಲ್ಲವಾಗಿಸುತ್ತದೆ. ಚೀಲಗಳು 225ರಿಂದ 450 ಗ್ರಾಂವರೆಗೆ ಸಿಗುತ್ತವೆ. ಹಗುರವಾದದ್ದು ಎತ್ತರಕ್ಕೆ ಹಾರುತ್ತದೆ, ಆದರೆ ಎಲೆಗಳ ನಡುವೆ ಸಿಕ್ಕಿ ಕೆಳಗೆ ಬಾರದು. ಭಾರವಾದದ್ದು ಒರಟು ತೊಗಟೆಯ ಮೇಲೂ ಜಾರಿ ಇಳಿಯುತ್ತದೆ. ಒಂದನ್ನೇ ಕೊಳ್ಳುವುದಾದರೆ 340 ಗ್ರಾಂ ಆಸುಪಾಸಿನದನ್ನು ಕೊಳ್ಳಿ.

ಎಸೆಯುವುದನ್ನು ತೋಟದಲ್ಲಿ ಕಲಿಯದೆ ಕಣದಲ್ಲಿ ಕಲಿಯಿರಿ. ದಾರವನ್ನು ಕೈಗೆ ಸುತ್ತಿಕೊಳ್ಳದೆ, ಅಗಲ ಬಾಯಿಯ ಬಕೆಟ್ಟಿನಲ್ಲೋ ಬಿದಿರಿನ ಬಳೆ ಹಾಕಿ ಬಾಯಿ ತೆರೆದಿಟ್ಟ ಗೋಣಿಚೀಲದಲ್ಲೋ ಸಡಿಲವಾಗಿ ಇಳಿಬಿಡಬೇಕು. ಆಮೇಲೆ ಕಾಲುಗಳನ್ನು ಅಗಲಿಸಿ ನಿಂತು, ಚೀಲವನ್ನು ಮಂಡಿಗಳ ನಡುವೆ ಎರಡು ಮೂರು ಬಾರಿ ಜೀಕಿ, ಮುಂದಕ್ಕೆ ಬಂದ ಒಂದು ಜೀಕಿನಲ್ಲಿ ಕೈ ಕಣ್ಣಿನ ಮಟ್ಟ ದಾಟುತ್ತಿದ್ದಂತೆ ಬೆರಳು ಸಡಿಲಿಸಬೇಕು. ಭುಜದ ಬಲ ಹಾಕಿದಷ್ಟೂ ಗುರಿ ತಪ್ಪುತ್ತದೆ. ಚೀಲ ಮೇಲೆ ಸಿಕ್ಕಿಕೊಂಡರೆ ಮಣಿಕಟ್ಟಿಗೆ ಸುತ್ತಿ ಜಗ್ಗಬೇಡಿ: ದಾರ ರಬ್ಬರಿನಂತೆ ಹಿಗ್ಗಿ, ಬಿಟ್ಟುಕೊಂಡ ಕ್ಷಣ ಚೀಲ ಕವಣೆ ಕಲ್ಲಿನ ಹಾಗೆ ಎಳೆದವನ ಮುಖದತ್ತಲೇ ಬರುತ್ತದೆ. ದಾರ ಸಡಿಲಿಸಿ, ಪಕ್ಕಕ್ಕೆ ಸರಿದು, ಅಲೆಯಂತೆ ಅಲುಗಿಸಿ ಬಿಡಿಸಿಕೊಳ್ಳಬೇಕು.

ದುರ್ಬೀನಿನ ಮಾತಿಗೆ ಕೆಲವರು ಹುಬ್ಬೇರಿಸುತ್ತಾರೆ. ಆದರೆ ದಾರ ಎಸೆಯುವ ಮೊದಲು ಐದು ನಿಮಿಷ ಮರದ ಸುತ್ತ ನಡೆದು ನೋಡಿದರೆ ಹೆಜ್ಜೇನಿನ ಹುಟ್ಟು, ಒಣಗಿ ನೇತಾಡುವ ರೆಂಬೆ, ಕವಲಿನಲ್ಲಿ ಬೆಳೆದ ಅಣಬೆ, ಪೊಟರೆ, ಚಗಳಿ ಇರುವೆಯ ಗೂಡು ಎಲ್ಲವೂ ನೆಲದಿಂದಲೇ ಕಾಣುತ್ತವೆ. ಮೇಲೆ ಹೇಳಿದ ಬಸರಿ ಮರದ ಜೇನುಹುಟ್ಟು ದಕ್ಷಿಣದ ಕೊಂಬೆಯ ಅಡಿಯಲ್ಲಿತ್ತು. ನಾವು ಉತ್ತರದ ಕಡೆಯಿಂದ ಮಾತ್ರ ನೋಡಿದ್ದೆವು.

ಮರದ ತೊಗಟೆಗೂ ಹಗ್ಗಕ್ಕೂ ನಡುವೆ

ಅತ್ತಿ, ಬಸರಿ, ಗೋಣಿ, ಹಲಸು ಇವೆಲ್ಲ ಹಾಲು ಸುರಿಸುವ ಮರಗಳು. ಕವಲಿನ ಮೇಲೆ ಹಗ್ಗ ನೇರವಾಗಿ ಓಡಿದರೆ ತೊಗಟೆ ಸವೆದು ಹಾಲು ಒಸರಿ, ಹಗ್ಗದ ಎಳೆಗಳು ಅಂಟಂಟಾಗುತ್ತವೆ. ಹಿಡಿತದ ಗಂಟು ಒಮ್ಮೆ ಜಾರುತ್ತದೆ, ಒಮ್ಮೆ ಕಚ್ಚಿಕೊಳ್ಳುತ್ತದೆ. ಇದಕ್ಕೆ ಪರಿಹಾರ ಎರಡು ಉಂಗುರಗಳಿರುವ ಪಟ್ಟಿ. ಇದನ್ನು ಕ್ಯಾಂಬಿಯಂ ಸೇವರ್ ಎನ್ನುತ್ತಾರೆ. ಪಟ್ಟಿ ಕವಲನ್ನು ಬಳಸಿ ಕೂರುತ್ತದೆ, ಹಗ್ಗ ಉಂಗುರಗಳ ಒಳಗೆ ಮಾತ್ರ ಓಡುತ್ತದೆ. ಉಂಗುರಗಳಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು. ಕೆಲಸ ಮುಗಿದ ಮೇಲೆ ಹಗ್ಗದ ತುದಿಗೆ ಪುಟ್ಟ ಚೆಂಡು ಕಟ್ಟಿ ಎಳೆದರೆ ಅದು ದೊಡ್ಡ ಉಂಗುರವನ್ನು ದಾಟಿ ಚಿಕ್ಕದರಲ್ಲಿ ಸಿಕ್ಕಿಕೊಂಡು, ಪಟ್ಟಿಯನ್ನೂ ಎಳೆದುಕೊಂಡು ಕೆಳಗೆ ಬರುತ್ತದೆ. ಯಾವ ಬದಿಯ ಹಗ್ಗಕ್ಕೆ ಚೆಂಡು ಕಟ್ಟಬೇಕೆಂಬುದನ್ನು ಮರದಿಂದ ಇಳಿಯುವ ಮುನ್ನವೇ ನೋಡಿಟ್ಟುಕೊಳ್ಳಬೇಕು. ಅದು ತಪ್ಪಿದರೆ ಪಟ್ಟಿಗಾಗಿ ಮತ್ತೊಮ್ಮೆ ಹತ್ತಬೇಕಾಗುತ್ತದೆ.

ಬೂಟಿಗೆ ಕಟ್ಟುವ ಮೊಳೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕಡಿದು ಉರುಳಿಸಲಿರುವ ಮರವನ್ನು ಬಿಟ್ಟು ಬೇರೆ ಯಾವ ಮರಕ್ಕೂ ಅದನ್ನು ಬಳಸಬಾರದು. ಪ್ರತಿ ಹೆಜ್ಜೆಯೂ ಜೀವಂತ ತೊಗಟೆಯಲ್ಲಿ ಗಾಯ ಮಾಡುತ್ತದೆ, ಆ ಗಾಯದಿಂದ ಕೊಳೆತ ಒಳನುಗ್ಗುತ್ತದೆ. ಕಾಂಡಕ್ಕೆ ಮೆಣಸಿನ ಬಳ್ಳಿ ಹಬ್ಬಿದ್ದರೆ ಬಳ್ಳಿಯೂ ಹಾಳು.

ಕೈ ಗರಗಸ, ಕಣ್ಣು, ಕಾಲು

ಬಿಗಿದು ನಿಂತ ಹಗ್ಗವನ್ನು ಹರಿತವಾದ ಅಲಗು ಸೋಕಿದರೂ ಸಾಕು, ಅದು ಹರಿದುಹೋಗುತ್ತದೆ. ಏಣಿಯ ಮೇಲೆ ಒಗ್ಗಿದ ಕತ್ತಿ ಹಗ್ಗದಲ್ಲಿ ಜೋತಾಡುವವನಿಗೆ ಅಪಾಯ. ಬೀಸಿದ ಏಟು ಎಲ್ಲಿ ನಿಲ್ಲುತ್ತದೆಂದು ಹೇಳಲಾಗದು. ಎಳೆಯುವಾಗ ಮಾತ್ರ ಕೊಯ್ಯುವ, 300ರಿಂದ 330 ಮಿಲಿಮೀಟರ್ ಉದ್ದದ ಬಾಗಿದ ಗರಗಸ ಇದಕ್ಕಿಂತ ಎಷ್ಟೋ ಮೇಲು. ಜಪಾನಿನ ಸಿಲ್ಕಿ ಗರಗಸಗಳು ಈ ಬಗೆಯವು. ದುಬಾರಿಯಾದರೂ ಸವರಿದ ಗಾಯ ನುಣುಪಾಗಿರುತ್ತದೆ. ತೊಡೆಗೆ ಕಟ್ಟುವ ಒರೆಯನ್ನೂ ಜೊತೆಗೇ ಕೊಳ್ಳಿ. ಗರಗಸವೇ ಇರಲಿ, ಕೊಯ್ಯುವ ಮೊದಲು ಮುಖ್ಯ ಹಗ್ಗದ ಜೊತೆಗೆ ಲ್ಯಾನ್ಯಾರ್ಡನ್ನೂ ಸುತ್ತಿಕೊಂಡಿರಬೇಕು. ಒಳಗೆ ಉಕ್ಕಿನ ಎಳೆಯಿರುವ ಲ್ಯಾನ್ಯಾರ್ಡ್ ಅಲಗಿಗೆ ಬೇಗ ಜಗ್ಗುವುದಿಲ್ಲ, ಆದರೆ ವಿದ್ಯುತ್ ತಂತಿಯ ಹತ್ತಿರ ಅದನ್ನು ತೊಡಲೇಬಾರದು.

ಕಣ್ಣಿಗೆ ಹೆಲ್ಮೆಟ್ಟಿನ ಜಾಲರಿ ಮುಖಪಟ ಒಳ್ಳೆಯದು, ಸೆಕೆಯಲ್ಲಿ ಮಂಜು ಕಟ್ಟುವುದಿಲ್ಲ. ತಲೆಯ ಮೇಲಿನ ರೆಂಬೆ ಕೊಯ್ಯುವಾಗ ಮಾತ್ರ ನುಣ್ಣನೆಯ ಹೊಟ್ಟು ಜಾಲರಿಯೊಳಗಿಂದ ನುಸುಳುವುದರಿಂದ ಒಳಗೆ ಕನ್ನಡಕವೂ ಬೇಕು. ಹಗ್ಗದಲ್ಲೇ ಮೇಲೇರುವವರಿಗೆ ಬೂಟಿಗೆ ಕಟ್ಟುವ, ಹಗ್ಗವನ್ನು ಕಚ್ಚಿ ಮೇಲಕ್ಕೆ ಮಾತ್ರ ಸರಿಯುವ ಫುಟ್ ಅಸೆಂಡರ್ ದೊಡ್ಡ ಉಪಕಾರಿ. ದಿನಕ್ಕೆ ಎಂಟು ಮರ, ಒಂದೊಂದು 15 ಮೀಟರ್ ಎಂದರೆ 120 ಮೀಟರ್ ಏರಿದಂತಾಯಿತು; ಆ ಭಾರವನ್ನು ತೋಳಿನಿಂದ ಕಾಲಿಗೆ ದಾಟಿಸಿದರೆ ಸಂಜೆಯ ಮರದಲ್ಲೂ ಬೆರಳಿನಲ್ಲಿ ಕಸುವು ಉಳಿದಿರುತ್ತದೆ. ಅದು ಏರಲು ನೆರವಾಗುವ ಸಾಧನ ಮಾತ್ರ, ಬೀಳದಂತೆ ಹಿಡಿಯುವ ಸಾಧನವಲ್ಲ. ಮಂಡಿಗೆ ಕಟ್ಟುವ ಅಸೆಂಡರ್, ತಿರುಗುವ ಕೊಂಡಿ, ಬಣ್ಣದ ರಾಟೆಗಳು ಇನ್ನೂ ಒಂದೆರಡು ವರ್ಷ ಕಾಯಬಹುದು.

ಹೆಲ್ಮೆಟ್ಟಿಗೆ ಹಾಕುವ ರೇಡಿಯೊ ಅನುಕೂಲದ್ದೇ. ಅದಿಲ್ಲದಿದ್ದರೆ ಒಂದು ಸೀಟಿಯನ್ನು ಕೊರಳಿಗೆ ಹಾಕಿಕೊಂಡು, ಒಂದು ಊದಿದರೆ ನಿಲ್ಲು, ಎರಡು ಊದಿದರೆ ರೆಂಬೆ ಬೀಳುತ್ತಿದೆ, ಬಿಡದೆ ಊದಿದರೆ ಇಳಿಸು ಎಂದು ಗೊತ್ತುಮಾಡಿಕೊಳ್ಳಿ. ಕೂ ಹಾಕುವ ರೂಢಿ ತೋಟದಲ್ಲಿ ಎಲ್ಲರಿಗೂ ಇರುವುದರಿಂದ ಪಕ್ಕದ ಸಾಲಿನ ಕೂ ಯಾವುದು, ನಮ್ಮದು ಯಾವುದು ಎಂಬುದು ತಿಳಿಯದೆ ಹೋಗುತ್ತದೆ. ಒತ್ತಿ ಕಟ್ಟುವ ಬ್ಯಾಂಡೇಜೊಂದು ಹತ್ತುವವನ ಹಾರ್ನೆಸ್ಸಿನಲ್ಲೇ ಇರಬೇಕು. ಕೆಳಗಿನ ಪೆಟ್ಟಿಗೆ ಎಷ್ಟೇ ತುಂಬಿದ್ದರೂ 15 ಮೀಟರ್ ಮೇಲೆ ರಕ್ತ ಸುರಿಯುವಾಗ ಕೈಗೆ ಸಿಗದು.

ತಂತಿಯ ಹತ್ತಿರ

ಅಲ್ಯೂಮಿನಿಯಂ ಏಣಿ ಹಗುರ, ಅದಕ್ಕೇ ಎಲ್ಲೆಡೆ ಹರಡಿದೆ. ಮೆಣಸು ಕೊಯ್ಯುವಾಗಲೂ ಮರಗಸಿಯಲ್ಲೂ ಅದನ್ನು ಎತ್ತಿ ಸಾಗಿಸುವಾಗ ಮೇಲಿನ ತಂತಿಗೆ ತಗುಲಿ ಜೀವ ಹೋದ ಸುದ್ದಿ ಕಾಫಿ ಸೀಮೆಯಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಎತ್ತರದ ರೆಂಬೆಗೆ ಉದ್ದ ಕೋಲಿನ ಗರಗಸ ಕೊಳ್ಳುವುದಾದರೆ ಫೈಬರ್ ಗ್ಲಾಸ್ ಕೋಲಿನದನ್ನೇ ಕೊಳ್ಳಿ. ಆದರೆ ಅದನ್ನು ನಂಬಿ ತಂತಿಯ ಬಳಿ ಹೋಗಬೇಡಿ; ಕೋಲು ಒದ್ದೆಯಾದರೆ, ಕೊಳೆ ಮೆತ್ತಿದರೆ ಅದರಲ್ಲೂ ವಿದ್ಯುತ್ ಹರಿಯಬಲ್ಲದು, ಹಸಿ ರೆಂಬೆಯಲ್ಲಂತೂ ಹರಿಯುತ್ತದೆ. 11 ಕೆ.ವಿ. ತಂತಿ ಹಾದುಹೋದ ಕಡೆ ಯಾವ ಸಲಕರಣೆಯೂ ವಿದ್ಯುತ್ ಕಡಿಸಿ ಪಡೆಯುವ ಲೈನ್ ಕ್ಲಿಯರ್‌ಗೆ ಬದಲಿಯಲ್ಲ. ಲೈನ್‌ಮನ್ ಬಂದು, ವಿದ್ಯುತ್ ಕಡಿದು, ಸ್ಥಳದಲ್ಲೇ ಅರ್ಥ್ ಮಾಡಿ ಹೇಳುವವರೆಗೂ ಏಣಿ ನೆಲದ ಮೇಲೆಯೇ ಮಲಗಿರಲಿ.

ಕೊಳ್ಳುವಾಗ, ಇಡುವಾಗ

ಕ್ಯಾರಬಿನರಿನ ಬೆನ್ನಿನ ಮೇಲೆ ಎಷ್ಟು ಕಿಲೋನ್ಯೂಟನ್ ಬಲ ತಾಳುತ್ತದೆಂಬ ಅಂಕಿ ಕೊರೆದಿರಬೇಕು. ಅದಿಲ್ಲದ್ದು ಬೀಗದಕೈ ಗೊಂಚಲಿಗೆ ಮಾತ್ರ ಸರಿ. ಇನ್ನೊಬ್ಬರು ಬಳಸಿಬಿಟ್ಟ ಹಾರ್ನೆಸ್ ಅಥವಾ ಹಗ್ಗ ಎಷ್ಟೇ ಅಗ್ಗವಾದರೂ ಬೇಡ, ಅದು ಯಾವ ಬೀಳುವಿಕೆಯನ್ನು ತಡೆದಿದೆಯೋ ನೋಡಿದರೆ ತಿಳಿಯದು.

ಹಗ್ಗಕ್ಕೊಂದು ಚೀಲ ಹೊಲಿಸಿ. ಮೇಣ ಮೆತ್ತಿದ ಗರಗಸಕ್ಕೆ ಕೊಬ್ಬರಿ ಎಣ್ಣೆ ಸವರಿ ಒರೆಸಿದರೆ ಬಿಡುತ್ತದೆ, ಹಗ್ಗಕ್ಕೆ ಮಾತ್ರ ಎಣ್ಣೆಯಾಗಲಿ ಸೀಮೆಎಣ್ಣೆಯಾಗಲಿ ಸೋಕಿಸಬಾರದು. ಉಗುರುಬೆಚ್ಚಗಿನ ನೀರಿನಲ್ಲಿ ಮೆದು ಸೋಪು ಹಾಕಿ ತೊಳೆದು, ನೆರಳಿನಲ್ಲಿ ಆರಹಾಕಿ, ಮಡಿಸುವಾಗ ಇಡೀ ಉದ್ದವನ್ನು ಬೆರಳುಗಳ ನಡುವೆ ಹಾಯಿಸಿ ನೋಡಿ: ಒಳಗೆ ಟೊಳ್ಳಾದಂತೆ, ಗಂಟು ಕಟ್ಟಿದಂತೆ, ಕರಗಿ ಗಾಜಿನಂತೆ ಗಟ್ಟಿಯಾದಂತೆ ತೋರಿದರೆ ಅಲ್ಲಿಗೆ ಆ ಹಗ್ಗದ ಹತ್ತುವ ಕೆಲಸ ಮುಗಿಯಿತು. ಮಳೆಗಾಲಕ್ಕೆ ತೋಟದ ಸ್ಟೋರಿನಲ್ಲಿ ಇಡುವುದಾದರೆ ಗೊಬ್ಬರ, ಕಳೆನಾಶಕ, ಹಳೆಯ ಬ್ಯಾಟರಿಗಳಿರುವ ಕೋಣೆ ಬೇಡ. ಬ್ಯಾಟರಿಯ ಆಸಿಡ್ ತಗುಲಿದ ಹಗ್ಗ ಹೊರಗಿನಿಂದ ಹೊಸದರಂತೆಯೇ ಕಾಣುತ್ತದೆ, ಭಾರ ಬಿದ್ದಾಗ ಹರಿಯುತ್ತದೆ. ಇಲಿ ಹತ್ತದ ಹಾಗೆ, ಗಾಳಿಯಾಡುವ ಕಡೆ, ಗೂಟಕ್ಕೆ ತೂಗುಹಾಕಿ.